ಹತ್ತಿರದ ನೋಟ

ಮುಖಕ್ಕೆ ಮರಗಟ್ಟಿಸುವ ಮುಲಾಮು ಮೆತ್ತಿ, ಅದರ ಮೇಲೆ ಅಡುಗೆಮನೆಯಲ್ಲಿ ಉಳಿದ ಪದಾರ್ಥ ಮುಚ್ಚಿಡುವಂಥ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, “ಮುಕ್ಕಾಲು ಗಂಟೆ ಹೀಗೇ ಕೂತಿರಿ ಸರ್, ಜಾಸ್ತಿ ಮಾತಾಡ್ಬೇಡಿ” ಎಂದು ಹೇಳಿಹೋದ ನರ್ಸು ಮತ್ತೆ ಇತ್ತ ತಲೆ ಹಾಕಲಿಲ್ಲ. ಮಾತಾಡುವುದಕ್ಕಾದರೂ ಅಲ್ಲಿ ಯಾರಿದ್ದರು? ಎದುರಿನ ಸೋಫಾದಲ್ಲಿ ಒಬ್ಬಳು ಕಾಲೇಜು ಹುಡುಗಿ, ಪಕ್ಕದಲ್ಲಿ ಅವಳ ತಾಯಿ. ಹುಡುಗಿಯ ಮುಖವೂ ಪ್ಲಾಸ್ಟಿಕ್ಕಿನೊಳಗೆ ಬೆಳ್ಳಗೆ ಕೂತಿತ್ತು. ತಾಯಿ ಅವನನ್ನು ಒಮ್ಮೆ ನೋಡಿ, ಈ ವಯಸ್ಸಿನಲ್ಲಿ ಈತನಿಗೇಕೆ ಇದೆಲ್ಲ ಎಂಬಂತೆ ಕಣ್ಣು ಹೊರಳಿಸಿದಳು. ಹಾಗೆಂದುಕೊಂಡಳೋ ಇಲ್ಲವೋ ಯಾರು ಬಲ್ಲರು. ಆದರೆ ಎದುರಿನವರ ಕಣ್ಣಲ್ಲಿ ತನ್ನ ಬಗ್ಗೆ ಏನಿದೆಯೆಂದು ಊಹಿಸುವುದರಲ್ಲಿ ಅವನು ಹುಡುಗನಾಗಿದ್ದಾಗಿನಿಂದ ಪಳಗಿದವನು, ಮತ್ತು ಒಮ್ಮೆಯಾದರೂ ಒಳ್ಳೆಯದನ್ನು ಊಹಿಸಿದವನಲ್ಲ. ಗೋಡೆಯ ಗಡಿಯಾರ ನೋಡಿದ. ಇನ್ನೊಂದು ಸ್ವಲ್ಪ ಹೊತ್ತಿಗೆ ಹೆಂಡತಿ ತನ್ನ ಅಕ್ಕನ ಜೊತೆ ಕಣ್ಣಾಸ್ಪತ್ರೆಗೆ ಹೊರಡುತ್ತಾಳೆ. ಅಲ್ಲಿ ಅವಳಿಗೆ ಸರಿಯಾದ ಕನ್ನಡಕ ಬರೆದುಕೊಡುತ್ತಾರೆ. ಅದನ್ನು ಹಾಕಿಕೊಂಡ ಮೇಲೆ ಅವಳು ಗಂಡನ ಮುಖವನ್ನು ನೋಡುತ್ತಾಳೆ, ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಮೊದಲನೇ ಸಲ.

ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಎಂಥ ವಿಚಿತ್ರ ಕೆಲಸ ಹುಡುಕಿಕೊಂಡೆಯಪ್ಪಾ ಎಂದು ತನ್ನನ್ನೇ ತಾನು ಎಷ್ಟೋ ಸಲ ಬೈದುಕೊಂಡದ್ದುಂಟು. ಮುಖ ಮುಚ್ಚಿಕೊಂಡು ಬದುಕಬೇಕೆಂದಿದ್ದವನು ಗೋದಾಮಿನಲ್ಲೋ ಲಾರಿಯಲ್ಲೋ ಕೂರಬೇಕಿತ್ತು. ಇಲ್ಲಿ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, ಈಗ ಹೇಗಿದೆ, ಈಗ, ಇದು ಚೆನ್ನಾಗಿದೆಯಾ ಅದಾ ಎಂದು ಕೇಳುತ್ತ ಹೋಗಬೇಕು. ಕೊನೆಗೊಂದು ಗಾಜಿಗೆ ಅವರ ಲೋಕ ತಟ್ಟನೆ ತಿಳಿಯಾಗುತ್ತದೆ. ಆ ತಿಳಿಯಾದ ಲೋಕದಲ್ಲಿ ಎಲ್ಲಕ್ಕಿಂತ ಮೊದಲು, ಒಂದು ಗೇಣು ದೂರದಲ್ಲಿ, ಅವನ ಮುಖ ಇರುತ್ತದೆ. ದೊಡ್ಡವರು ಮರ್ಯಾದೆಗೆ ಅಕ್ಷರದ ಹಲಗೆಯತ್ತ ನೋಡುತ್ತಾರೆ. ಮಕ್ಕಳಿಗೆ ಆ ಮರ್ಯಾದೆಯ ಹಂಗಿಲ್ಲ. ಒಬ್ಬ ಪುಟ್ಟ ಹುಡುಗಿ ಹೊಸ ಕನ್ನಡಕ ಹಾಕಿಕೊಂಡು ಅವನ ಕೆನ್ನೆಯನ್ನೇ ದಿಟ್ಟಿಸಿ, “ಅಮ್ಮಾ, ಈ ಅಂಕಲ್‌ಗೆ ಯಾರು ಚುಚ್ಚಿದ್ದು?” ಎಂದು ಕೇಳಿದ್ದಳು. ಅಂಗಡಿಯ ಯಜಮಾನರು ಹೋ ಎಂದು ನಕ್ಕರು, ಕನ್ನಡಕ ಬಲು ಚೆನ್ನಾಗಿ ಕೂತಿದೆ ನೋಡಿ ಎಂದರು, ಅವನೂ ನಕ್ಕ. ನಗದೆ ಏನು ಮಾಡುವುದು? ಶಾಲೆಯಲ್ಲಿ ಮೊಡವೆ ಹಣ್ಣಾಗಿ ಒಡೆದು ಗುಳಿ ಬೀಳುತ್ತಿದ್ದ ಕಾಲದಲ್ಲೂ ಹೀಗೇ ನಗುತ್ತಿದ್ದ. ಆಗ ಅವನ ಹೆಸರು ಜರಡಿ. ಹಿಟ್ಟು ಸುರಿದರೆ ತವುಡು ಮೇಲುಳಿಯುತ್ತೆ ಕಣೋ ಎನ್ನುತ್ತಿದ್ದರು. ಒಂದು ದಿನ ಗಣಿತದ ಮೇಷ್ಟ್ರು ಹಾಜರಿ ಕರೆಯುವಾಗ ಬಾಯಿತಪ್ಪಿ ಅದನ್ನೇ ಕರೆದುಬಿಟ್ಟರು, ಅವನೂ ಎದ್ದು ನಿಂತು ಹಾಜರ್ ಸರ್ ಎಂದುಬಿಟ್ಟ. ತರಗತಿಯ ನಗುವಿಗಿಂತ, ತಾನು ಎದ್ದು ನಿಂತದ್ದೇ ಇಂದಿಗೂ ಮುಳ್ಳಿನಂತೆ ಚುಚ್ಚುತ್ತದೆ.

ಅವಳು ಸಿಕ್ಕಿದ್ದೂ ಆ ಕುರ್ಚಿಯಲ್ಲೇ. ದರ್ಜಿ ಅಂಗಡಿಯೊಂದರಲ್ಲಿ ಕಾಜಾ ಹಾಕುವ, ಅಂಚು ಮಡಿಸುವ ಕೈಕೆಲಸ ಮಾಡುತ್ತಿದ್ದವಳು ಕನ್ನಡಕ ಒಡೆದುಕೊಂಡು ಬಂದಿದ್ದಳು. ಚಿಕ್ಕಂದಿನಿಂದ ಅವಳ ಕಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಮಂಜು. ರಸ್ತೆಯಾಚೆಯ ಬಸ್ಸಿನ ಬೋರ್ಡು ಓದಿಯಾಳು, ತಟ್ಟೆಯಲ್ಲಿರುವುದೇನೆಂದು ಬಗ್ಗಿ ನೋಡಬೇಕು. ಕನ್ನಡಕವಿಲ್ಲದೆ ಕೂತು, ಅವನತ್ತ ಮುಖ ಎತ್ತಿ, ಎಷ್ಟು ನಿರಾಳವಾಗಿ ನಕ್ಕಳೆಂದರೆ ಅವನು ಗಾಜು ಹಾಕುವುದನ್ನೇ ಮರೆತ. ಯಾರೂ ಅವನನ್ನು ಅಷ್ಟು ಹತ್ತಿರದಿಂದ ಹಾಗೆ ನೋಡಿರಲಿಲ್ಲ. ನೋಡುತ್ತಿಲ್ಲವಲ್ಲ, ಅದಕ್ಕೇ ಹೀಗೆ ನೋಡುತ್ತಿದ್ದಾಳೆ ಎಂಬುದು ಗೊತ್ತಿದ್ದೂ ಇನ್ನಷ್ಟು ಹತ್ತಿರಕ್ಕೆ ಬಗ್ಗಿದ. ಗಾಜು ಬದಲಿಸುತ್ತ ಹೋದ. ಸರಿಯಾದ ಗಾಜು ಕೂತ ಕ್ಷಣ ಅವಳ ಹುಬ್ಬಿನ ನಡುವೆ ಏನೋ ಒಂದು ಸಣ್ಣದು ಸುಳಿದು ಹೋಯಿತು. ಬೆಳಕಿಗೆ ಇರಬಹುದು, ಗಾಜಿನ ಭಾರಕ್ಕೆ ಇರಬಹುದು. ಅವನು ಅದನ್ನು ಹೇಗೆ ಓದಿದನೆಂದು ಹೇಳಬೇಕಾಗಿಯೇ ಇಲ್ಲ. ಕೈ ತಾನಾಗಿ ಹೋಗಿ ಆ ಗಾಜು ತೆಗೆದು ಕಡಿಮೆ ನಂಬರಿನದನ್ನು ಹಾಕಿತು. “ಇದು ಹಾಯಾಗಿದೆ ಅಲ್ವಾ?” ಎಂದ. ಅವಳು ಕಣ್ಣು ಕಿರಿದು ಮಾಡಿ, “ಸ್ವಲ್ಪ ಮಂಜು ಮಂಜು ಅನ್ಸುತ್ತಲ್ಲ” ಎಂದಳು. “ಇದಕ್ಕಿಂತ ಜಾಸ್ತಿ ಕೊಟ್ರೆ ಕಣ್ಣು ಸೋಮಾರಿ ಆಗುತ್ತೆ” ಎಂದ ಅವನು, ಅದೇ ಸುಳ್ಳನ್ನು ನಂಬಬೇಡಿರೆಂದು ದಿನವೂ ಗಿರಾಕಿಗಳಿಗೆ ತಿಳಿಹೇಳುವವನು. ಅವಳು ನಂಬಿದಳು. ಕನ್ನಡಕದವರು ಹೇಳಿದ್ದನ್ನು ನಂಬದೆ ಇನ್ನಾರದನ್ನು ನಂಬುವುದು?

ಮೊದಲು ಅದು ಬರೀ ಆ ಹೊತ್ತಿನ ಮಾತಾಗಿತ್ತು. ಸರಿಮಾಡೋಣ, ಮುಂದಿನ ಸಲ ಸರಿಮಾಡೋಣ ಎಂದುಕೊಂಡದ್ದೇ ಬಂತು. ಮದುವೆಯಾಯಿತು, ಚೌಕಟ್ಟು ಬದಲಾಯಿತು, ಗಾಜಿನ ನಂಬರು ಬದಲಾಗಲಿಲ್ಲ. ಅವಳಿಗೆ ವಯಸ್ಸು ನಲವತ್ತು ದಾಟಿದ ಮೇಲೆ ಕಣ್ಣು ಇನ್ನೂ ಜಾಸ್ತಿ ಬೇಡಿತು, ಅವನು ಕೊಡಲಿಲ್ಲ. ಸಂಜೆಯಾದರೆ ತಲೆನೋವು. ಸೂಜಿಗೆ ದಾರ ಪೋಣಿಸಲಾಗದೆ ಚಡಪಡಿಸುವುದನ್ನು ನೋಡಲಾರದೆ, ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅವನೇ ಒಂದು ಹಿಡಿ ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದ. ಅವಳೋ ಅಕ್ಕಪಕ್ಕದವರ ಮುಂದೆಲ್ಲ, ನಮ್ಮನೆಯವರಂಥೋರು ಇಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆ ಕೇಳುವಾಗ ಕಿವಿ ಕಿತ್ತೆಸೆಯಬೇಕು ಅನ್ನಿಸುತ್ತಿತ್ತು. ಕೊನೆಗೆ ದರ್ಜಿ ಒಂದು ಕೋಟು ವಾಪಸು ಕಳಿಸಿದ. ಅಂಚು ಹಾವು ಹರಿದಂತೆ ಹೋಗಿದೆ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಕ್ಕಾ ಎಂದ. ವಿಶ್ರಾಂತಿ ಎಂದರೆ ಏನೆಂದು ಯಾರಿಗೆ ತಿಳಿಯದು? ಆ ರಾತ್ರಿ ಅವಳು ಹಾಸಿಗೆಯ ತುದಿಯಲ್ಲಿ ಕೂತು, ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು, ಕೈಯಲ್ಲಿರೋದು ಏನು ಅಂತ ತಿಳೀತಿರಲಿಲ್ಲ, ಆಮೇಲೆ ನಾವ್ಯಾರು ಅಂತಲೇ ತಿಳೀಲಿಲ್ಲ, ಎಂದು ಬಿಕ್ಕಿದಳು. ಅವನು ಬೆನ್ನು ಸವರಿದ. ಸವರುತ್ತಿರುವಾಗಲೂ, ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ ಸರಿಯಾದ ಗಾಜು ತೇಯಿಸಿ ತರಬಹುದಲ್ಲ ಎಂಬುದು ನೆನಪಿತ್ತು. ತರಲಿಲ್ಲ. ಇದಕ್ಕಿಂತ ಹೇಡಿತನ ಇನ್ನೇನಿದ್ದೀತು.

ಬದಲಿಗೆ ಲೇಸರ್ ಚಿಕಿತ್ಸೆ ಹಿಡಿದ. ಮುಖ ಸರಿಯಾಗಲಿ, ಆಮೇಲೆ ಗಾಜು ಸರಿಮಾಡುತ್ತೇನೆ. ಇದು ಅವನು ತನ್ನ ಜೊತೆ ಮಾಡಿಕೊಂಡ ಒಪ್ಪಂದ. ಹಲ್ಲಿನ ಚಿಕಿತ್ಸೆ ಎಂದು ಮನೆಯಲ್ಲಿ ಹೇಳಿ ಈ ಕ್ಲಿನಿಕ್ಕಿಗೆ ಬಂದು ಮಲಗುತ್ತಿದ್ದ. ಕಣ್ಣಿಗೆ ಲೋಹದ ಮುಚ್ಚಳ, ಕೆನ್ನೆಯ ಮೇಲೆ ತಣ್ಣನೆಯ ಗಾಳಿಯ ಕೊಳವೆ, ಪಟಪಟ ಸದ್ದು, ಕೂದಲು ಸುಟ್ಟಂಥ ವಾಸನೆ. ಸುಡುತ್ತಿರುವುದು ತಾನೇ ಎಂದು ಹೊಳೆದಾಗ ಒಂಥರಾ ಸಮಾಧಾನವೂ ಆಗುತ್ತಿತ್ತು, ಶಿಕ್ಷೆ ಸಿಗಬೇಕಾದವನಿಗೆ ಸಿಗುತ್ತಿದೆಯಲ್ಲ ಎಂದು. ಮರುದಿನ ಮುಖ ಊದುತ್ತಿತ್ತು. ಊದಿಕೊಂಡಾಗ ಗುಳಿಗಳೆಲ್ಲ ತುಂಬಿ, ಎರಡು ದಿನ ಕನ್ನಡಿಯಲ್ಲಿ ಬೇರೆ ಯಾರೋ ಒಬ್ಬ ಕೆಂಪು, ನುಣುಪು ಮನುಷ್ಯ ನಿಂತಿರುತ್ತಿದ್ದ. ಅವನನ್ನು ಕಂಡರೆ ಇವನಿಗೆ ಪ್ರಾಣ. ಆಮೇಲೆ ಊತ ಇಳಿದು ಕಂದು ಬಣ್ಣದ ಸಣ್ಣ ಹಕ್ಕಳೆಗಳು ಕಟ್ಟುತ್ತಿದ್ದವು. ಮುಟ್ಟಬೇಡಿ, ತಾವಾಗಿ ಉದುರಲಿ ಎಂದು ಡಾಕ್ಟರು ಹೇಳಿದ್ದರು. ಕಳೆದ ಸಲ, ಅಕ್ಕನ ಒತ್ತಾಯಕ್ಕೆ ಹೆಂಡತಿ ಕಣ್ಣಾಸ್ಪತ್ರೆಯ ದಿನ ಗೊತ್ತುಮಾಡಿಕೊಂಡು ಬಂದಳೆಂದು ತಿಳಿದ ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತು, ಕಣ್ಣಿಗೆ ಭೂತಗನ್ನಡಿ ಹಚ್ಚಿ, ಕನ್ನಡಕದ ಸ್ಕ್ರೂ ಹಿಡಿಯುವ ಚಿಮಟದಿಂದ ಒಂದೊಂದೇ ಹಕ್ಕಳೆ ಎಬ್ಬಿಸಿದ. ಕೈ ಒಂದಿಷ್ಟೂ ನಡುಗಲಿಲ್ಲ, ಅಂಥ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಕಂಡು ಅಳುವೇ ಬಂದಿತ್ತು. ವಾರದೊಳಗೆ ಅಲ್ಲೆಲ್ಲ ಕಪ್ಪಾಯಿತು. ಆದ್ದರಿಂದಲೇ ಇವತ್ತಿನ ಲೇಸರ್ ತಪ್ಪುವ ಹಾಗಿರಲಿಲ್ಲ: ನಾಳೆಗೆ ಮುಖ ಊದುತ್ತದೆ, ನಾಳೆಯೋ ನಾಡಿದ್ದೋ ಅವಳ ಕನ್ನಡಕ ಬರುತ್ತದೆ, ಮೊದಲ ನೋಟಕ್ಕಾದರೂ ಆ ನುಣುಪು ಮನುಷ್ಯ ಸಿಗಲಿ. ಆಮೇಲಿನದು ಆಮೇಲೆ.

ನರ್ಸು ಬಂದು ಒಳಗೆ ಕರೆದುಕೊಂಡು ಹೋಗಿ ಪ್ಲಾಸ್ಟಿಕ್ ಸುಲಿದಳು. ಡಾಕ್ಟರಮ್ಮ ದೀಪ ಹತ್ತಿರಕ್ಕೆ ಎಳೆದು ಎಡಗೆನ್ನೆ ನೋಡಿದರು. ಬಲಗೆನ್ನೆ ನೋಡಿದರು. ಮತ್ತೆ ಎಡಕ್ಕೆ ಬಂದರು.

“ಇದ್ಯಾಕೆ ಹೀಗೆ ಕಪ್ಪಾಗಿದೆ? ಹಕ್ಕಳೆ ಕಿತ್ರಾ?”

“ಇಲ್ಲ ಡಾಕ್ಟ್ರೇ. ತಾನೇ ಉದುರ್ತು.”

“ತಾನೇ ಉದುರಿದ್ರೆ ಇಷ್ಟು ನೀಟಾಗಿ ಅಂಚು ಬರುತ್ತಾ? ನಿಜ ಹೇಳಿ.”

“ಕಿತ್ತೆ,” ಎಂದ. ತುಟಿ ಆಗಲೇ ಮರಗಟ್ಟಿದ್ದರಿಂದ ಮಾತು ಜೊಲ್ಲಿನ ಜೊತೆ ಬಂತು. “ಚಿಮಟದಲ್ಲಿ.”

ಡಾಕ್ಟರಮ್ಮ ದೀಪ ಆರಿಸಿದರು. “ಇವತ್ತು ಲೇಸರ್ ಹಾಕಕ್ಕಾಗಲ್ಲ. ಹಾಕಿದ್ರೆ ಇನ್ನೂ ಕಪ್ಪಾಗುತ್ತೆ. ಮೊದಲು ಈ ಕಲೆ ಇಳೀಲಿ, ಕೆಲವು ತಿಂಗಳು ಬಿಟ್ಟು ನೋಡೋಣ.”

“ಹಾಗನ್ಬೇಡಿ. ಇವತ್ತೇ ಆಗ್ಬೇಕು.”

“ಏನು, ಮನೇಲಿ ಮದುವೆಯಾ?”

“ಅಲ್ಲ.” ಎದ್ದು ಕೂತು ಕೈ ಮುಗಿದ. “ಜೋರಾಗಿ ಹಾಕಿ, ನೋವಾದ್ರೂ ಪರವಾಗಿಲ್ಲ. ಎರಡು ದಿನ ಊದಿಕೊಂಡ್ರೆ ಸಾಕು ನಂಗೆ.”

“ಏನಂದ್ರಿ?”

ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ನರ್ಸು ಮುಖ ಆಚೆ ತಿರುಗಿಸಿದ್ದನ್ನು ನೋಡಿದ. ಡಾಕ್ಟರಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದೇ ಅವನನ್ನು ಇನ್ನಷ್ಟು ಹಿಂಡಿತು. ಅವರು ಕುರ್ಚಿ ಎಳೆದುಕೊಂಡು ಮೆತ್ತಗೆ ಹೇಳಿದರು: “ನೋಡಿ, ಮೊದಲನೇ ದಿನವೇ ಹೇಳಿದ್ದೆ. ಗುಳಿ ಕಮ್ಮಿಯಾಗುತ್ತೆ, ಹೋಗಲ್ಲ. ಅರ್ಧ ಕಮ್ಮಿಯಾದ್ರೂ ಅದು ದೊಡ್ಡದು. ನೀವು ಕೇಳ್ತಾ ಇರೋದು ನನ್ನ ಮೆಷಿನ್ ಕೈಲಿ ಆಗೋದಲ್ಲ. ಈಗ ಮನೇಗೆ ಹೋಗಿ. ಮುಂದಿನ ಸಲ ಬರೋವಾಗ ಏನೇನು ಹಚ್ಕೊಂಡಿದೀರೋ ಎಲ್ಲಾ ತಗೊಂಬನ್ನಿ. ಹಳೇದನ್ನ ನೋಡದೆ ನಾನು ಹೊಸದು ಬರೆಯಲ್ಲ.”

ಹಳೇದನ್ನ ನೋಡದೆ. ಒರೆಸಿಕೊಳ್ಳಲು ಕೊಟ್ಟ ಹತ್ತಿ ಕೈಯಲ್ಲೇ ಉಳಿಯಿತು. ಅಂಗಡಿಗೆ ಯಾರೇ ಬರಲಿ, ಕೂತುಕೊಳ್ಳಿ ಎನ್ನುವುದಕ್ಕೂ ಮುಂಚೆ ಅವನ ಬಾಯಿಂದ ಬರುವ ಮಾತು ಒಂದೇ: ಹಳೇ ಕನ್ನಡಕ ತಂದಿದೀರಾ? ತಂದದ್ದನ್ನು ನಂಬರು ಅಳೆಯುವ ಯಂತ್ರಕ್ಕಿಟ್ಟು, ಇಲ್ಲಿಯವರೆಗೆ ಇವರು ಏನು ಹಾಕಿಕೊಂಡಿದ್ದರೆಂದು ನೋಡಿಯೇ ಮುಂದಿನ ಕೆಲಸ. ಕಲಿಯುವ ಹುಡುಗರಿಗೂ ಅವನು ಕಲಿಸುವ ಮೊದಲ ಪಾಠ ಅದು. ಕಣ್ಣಾಸ್ಪತ್ರೆಯಲ್ಲೂ ಅದನ್ನೇ ಮಾಡುತ್ತಾರೆ. ಮಾಡದೆ ಬಿಡುತ್ತಾರೆಯೇ? ಇಷ್ಟು ದಿನ ಮುಖ, ಮುಖ, ಮುಖ ಎಂದು ಒದ್ದಾಡಿದವನಿಗೆ, ಅವಳು ಅದೇ ಕನ್ನಡಕ ಮೂಗಿನ ಮೇಲಿಟ್ಟುಕೊಂಡು ಅಲ್ಲಿಗೆ ಹೋಗುತ್ತಾಳೆ ಎಂಬುದು ಹೊಳೆದೇ ಇರಲಿಲ್ಲ. ತನ್ನ ಕಸುಬಿನ ಮೊದಲ ಮಾತನ್ನೇ ಮರೆತಿದ್ದ. ನರ್ಸು ಸರ್ ಸರ್ ಎಂದು ಕೂಗುತ್ತಿದ್ದರೂ ಮೆಟ್ಟಿಲಿಳಿದ.

ಆಟೋದಲ್ಲಿ ಅವಳಿಗೆ ಫೋನ್ ಮಾಡಿದ, ಎತ್ತಲಿಲ್ಲ. ಏನಾದರೂ ಹೇಳಿ ಕನ್ನಡಕ ಕೈಗೆ ತೆಗೆದುಕೊಳ್ಳಬೇಕು, ಸ್ಕ್ರೂ ಸಡಿಲವಾಗಿದೆ ಕೊಡು ಎನ್ನಬೇಕು, ಜೇಬಿಗೆ ಹಾಕಿಕೊಳ್ಳಬೇಕು, ಬೀಳಿಸಿ ತುಳಿದುಬಿಡಬೇಕು. ತುಳಿಯುವುದೇ ವಾಸಿ. ಕಾಲಡಿ ಗಾಜು ಚಟ್ ಎಂದ ಸದ್ದು ಕೇಳಿಸಿದಂತಾಗಿ ಸ್ವಲ್ಪ ಉಸಿರಾಡಿದ. ಗಾಳಿ ಮುಖಕ್ಕೆ ಬಡಿಯುತ್ತಿದ್ದರೂ ಏನೂ ತಿಳಿಯುತ್ತಿರಲಿಲ್ಲ. ಕೆನ್ನೆ ಮುಟ್ಟಿಕೊಂಡ, ಬೇರೆಯವರ ಕೆನ್ನೆ ಮುಟ್ಟಿದ ಹಾಗಿತ್ತು. ಡ್ರೈವರ್ ಕನ್ನಡಿಯಲ್ಲಿ ಅವನನ್ನು ನೋಡಿ, “ಹಲ್ಲು ಕೀಳ್ಸಿದ್ರಾ ಸಾರ್?” ಎಂದ. ಹೌದೆಂದು ತಲೆಯಾಡಿಸಿದ. ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಕ್ಷಣ, ಇಳಿದು ಎಲ್ಲಿಗಾದರೂ ನಡೆದುಹೋಗಿಬಿಡಲೇ ಅನ್ನಿಸಿತು. ಎಲ್ಲಿಗೆ? ಈ ಮುಖ ಹೊತ್ತುಕೊಂಡು ಎಲ್ಲಿಗೆ ಹೋದರೂ ಅಷ್ಟೆ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಪರೀಕ್ಷೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಕಾಣಿಸಲಿಲ್ಲ, ದುಡ್ಡು ಕಟ್ಟಲು ಕೆಳಗೆ ಹೋಗಿರಬೇಕು. ಹೆಂಡತಿ ಕುರ್ಚಿಯಲ್ಲಿದ್ದಳು. ಮೂಗಿನ ಮೇಲೆ ಪರೀಕ್ಷೆಯ ಗುಂಡನೆಯ ಕಪ್ಪು ಚೌಕಟ್ಟು, ಅದರಲ್ಲಿ ದಪ್ಪ ಗಾಜು. ಅವಳು ಅಕ್ಷರದ ಹಲಗೆ ನೋಡುತ್ತಿರಲಿಲ್ಲ. ತನ್ನ ಎಡಗೈಯ ತೋರುಬೆರಳನ್ನು ಕಣ್ಣ ಮುಂದೆ ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಒರಟಾದ ತುದಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಪರೀಕ್ಷೆ ಮಾಡುವ ಹುಡುಗಿ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು, ಅವಳ ಕೈಯಲ್ಲಿ ಆ ಹಳೆಯ ಕನ್ನಡಕವಿತ್ತು.

“ಇದನ್ನ ಯಾರು ಮೇಡಂ ಮಾಡ್ಕೊಟ್ಟಿದ್ದು? ನಿಮಗೆ ಬೇಕಾದ್ದರಲ್ಲಿ ಅರ್ಧಾನೂ ಇಲ್ಲ. ಇದನ್ನ ಹಾಕ್ಕೊಂಡು ಕೈಹೊಲಿಗೆ ಬೇರೆ ಮಾಡ್ತಿದ್ರಾ? ದೇವ್ರೇ!”

ಅವಳು ಬೆರಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತಿದ್ದವನು ಅವಳ ಬಾಯನ್ನೇ ನೋಡಿದ. ಈಗ ಹೇಳುತ್ತಾಳೆ. ನಮ್ಮನೆಯವರೇ, ಇಪ್ಪತ್ತು ವರ್ಷದ ಅನುಭವ ಅವರಿಗೆ, ಎಂದು ಎಂದಿನ ಹೆಮ್ಮೆಯಿಂದಲೇ ಹೇಳುತ್ತಾಳೆ.

“ಯಾವುದೋ ಅಂಗಡೀಲಿ ತಗೊಂಡಿದ್ದು,” ಎಂದಳು ಅವಳು. “ಅವಸರದಲ್ಲಿದ್ದೆ. ಅಂಗಡಿ ಹೆಸರೂ ನೆನಪಿಲ್ಲ.”

“ಅಂಥೋರ ಅಂಗಡಿಗೆ ಬೀಗ ಹಾಕಿಸ್ಬೇಕು ಮೇಡಂ,” ಎಂದು ಹುಡುಗಿ ಕನ್ನಡಕವನ್ನು ಮೇಜಿನ ಮೇಲಿಟ್ಟು ಇನ್ನೊಂದು ಗಾಜು ತರಲು ಪಕ್ಕದ ಕೋಣೆಗೆ ಹೋದಳು.

ಆಗ ಅವಳು ತಲೆಯೆತ್ತಿ ಅವನನ್ನು ಕಂಡಳು. ಬನ್ನಿ ಎನ್ನಲಿಲ್ಲ, ಬರಬೇಡಿ ಎನ್ನಲಿಲ್ಲ. ಅವನು ಹತ್ತಿರ ಹೋಗಿ ನಿಂತ. ಗಾಜಿನೊಳಗೆ ಅವಳ ಕಣ್ಣುಗಳು ದೊಡ್ಡದಾಗಿ, ನಿಚ್ಚಳವಾಗಿ ಕಾಣುತ್ತಿದ್ದವು, ಆ ಕಣ್ಣುಗಳಿಗೆ ಅವನೂ ಹಾಗೆಯೇ ಕಾಣುತ್ತಿದ್ದ. ಒಂಬತ್ತು ವರ್ಷ ಹೆದರಿಕೊಂಡಿದ್ದ ಕ್ಷಣ ಇದು. ತನ್ನ ಮುಖ ಈಗ ಏನು ಮಾಡುತ್ತಿದೆ, ನಗುತ್ತಿದೆಯೋ, ಕಿವುಚಿಕೊಂಡಿದೆಯೋ, ಅವನಿಗೆ ತಿಳಿಯುವಂತಿರಲಿಲ್ಲ. ಅವಳ ಹುಬ್ಬಿನ ನಡುವೆ ಏನಾದರೂ ಸುಳಿಯುತ್ತದೆಯೇ ಎಂದು ಉಸಿರು ಹಿಡಿದು ಕಾದ. ಏನೂ ಸುಳಿಯಲಿಲ್ಲ. ಅವಳು ಕರವಸ್ತ್ರ ತೆಗೆದಳು.

“ಕಿವಿ ಹತ್ರ ಏನೋ ಬಿಳೀದು ಹಾಗೇ ಉಳಿದಿದೆ,” ಎಂದು ಒರೆಸಿದಳು. ಮುಖದ ಬಗ್ಗೆ ಅವಳಾಡಿದ್ದು ಅಷ್ಟೇ ಮಾತು.

ಪರೀಕ್ಷೆ ಮುಗಿದು, ಹುಡುಗಿ ಚೀಟಿಯಲ್ಲಿ ನಂಬರು ಬರೆದುಕೊಟ್ಟ ಮೇಲೆ, ಹಳೆಯ ಕನ್ನಡಕವನ್ನೇ ಮತ್ತೆ ಹಾಕಿಕೊಂಡು ಅವಳು ಹೊರಗೆ ಬಂದಳು. ಓಣಿಯ ಉದ್ದಕ್ಕೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಕೂತಿದ್ದರು. ಕಿಟಕಿಯ ಹತ್ತಿರ, ಯಾರೂ ಇಲ್ಲದ ಕಡೆ ಅವಳು ನಿಂತಳು.

“ತಪ್ಪಿ ಹೀಗಾಯ್ತಾ?” ಎಂದು ಕೇಳಿದಳು. ದನಿಯಲ್ಲಿ ಜೋರಿರಲಿಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನು ಅವಳೇ ಬಾಗಿಲು ತೆರೆದು ತೋರಿಸುತ್ತಿದ್ದಳು. ಹೌದು ಕಣೇ, ಎಲ್ಲೋ ಎಡವಟ್ಟಾಯ್ತು ಎಂದರೆ ನಂಬುತ್ತಿದ್ದಳು. ನಂಬದಿದ್ದರೂ ನಂಬಿದವಳಂತೆ ಮನೆಗೆ ಬರುತ್ತಿದ್ದಳು. ಒಳಗೆ ಆ ಹುಡುಗಿಯ ಮುಂದೆ ಅವನ ಮರ್ಯಾದೆ ಉಳಿಸಿದವಳು ಇಲ್ಲೂ ಉಳಿಸುತ್ತಿದ್ದಳು.

“ಇಲ್ಲ,” ಎಂದ. “ಬೇಕಂತಲೇ ಕೊಟ್ಟೆ.”

“ಯಾವತ್ತಿಂದ?”

“ಮೊದಲನೇ ಸಲದಿಂದ.”

“ಯಾಕ್ರೀ?”

ಕೈಯೆತ್ತಿ ತನ್ನ ಮುಖ ತೋರಿಸಿದ. ಅವಳಿಗೆ ಅರ್ಥವಾಗಲಿಲ್ಲ. ಹಿಂದೆ ತಿರುಗಿ ನೋಡಿದಳು, ಅವನು ಗೋಡೆಯ ಮೇಲಿನ ಏನನ್ನೋ ತೋರಿಸುತ್ತಿದ್ದಾನೆಂಬಂತೆ. ಆಮೇಲೆ ಅರ್ಥವಾಯಿತು.

“ಇದಕ್ಕಾ?”

ಅವನು ಕೈ ಇಳಿಸಿದ.

“ಇದಕ್ಕಾ ರೀ?” ಅವಳು ಮೂಗಿನ ಮೇಲಿನ ಕನ್ನಡಕ ಮುಟ್ಟಿಕೊಂಡಳು. “ನಮ್ಮಮ್ಮನ ಥರ ನಂಗೂ ತಲೆ ಹೋಗ್ತಿದೆ ಅಂತ ಅಂದ್ಕೊಂಡಿದ್ದೆ. ಒಂದಿನ ನಿಮ್ಮನ್ನೂ ಮರೆತುಬಿಡ್ತೀನಿ ಅಂತ ಹೆದರ್ಕೊಂಡು ಸಾಯ್ತಿದ್ದೆ. ನೀವು ನನ್ನ ಬೆನ್ನು ಸವರ್ತಾ ಕೂತಿದ್ರಿ. ಆವತ್ತಾದ್ರೂ ಹೇಳ್ಬಹುದಿತ್ತಲ್ಲ.”

“ಹೇಳ್ಬೇಕಿತ್ತು.”

“ಆ ಕೋಟಿಗೆ ನಾನು ಎಷ್ಟು ಅತ್ತೆ ಅಂತ ಗೊತ್ತು ನಿಮಗೆ.”

“ಗೊತ್ತು.”

ಅವಳು ಅಳಲಿಲ್ಲ. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ, ಮರಗಟ್ಟಿದ ಈ ಕೆನ್ನೆಗೆ ತಾಗದಿದ್ದರೂ ಎಲ್ಲಾದರೂ ತಾಗುತ್ತಿತ್ತು. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡು ಮೆಟ್ಟಿಲ ಕಡೆ ನಡೆದಳು. ಅವನು ಹಿಂದೆಯೇ ಓಡಿದ.

“ಕೊಡೇ ಇಲ್ಲಿ, ಈಗಲೇ ಅಂಗಡಿಗೆ ಹೋಗ್ತೀನಿ. ಒಳ್ಳೆ ಗಾಜು ಹಾಕಿ, ನಾನೇ ಕೂತು, ನಾಳೆ ಬೆಳಿಗ್ಗೆಯೊಳಗೆ ಮಾಡ್ಕೊಡ್ತೀನಿ. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲದ ಹಾಗೆ.”

“ಬೇಡ,” ಎಂದಳು. “ಇಲ್ಲೇ ಮಾಡಿಸ್ತೀನಿ.”

ಕೆಳಗೆ, ಅಕ್ಕ ಇನ್ನೂ ನಿಂತಿದ್ದ ದುಡ್ಡು ಕಟ್ಟುವ ಸಾಲಿನ ಆಚೆ, ಆಸ್ಪತ್ರೆಯದೇ ಕನ್ನಡಕದ ಅಂಗಡಿಯಿತ್ತು. ಕೌಂಟರಿನ ಹಿಂದೆ ಅವನದೇ ವಯಸ್ಸಿನ ಒಬ್ಬ, ನುಣ್ಣಗೆ ಕ್ಷೌರ ಮಾಡಿಕೊಂಡವನು. ಅವಳು ಚೀಟಿ ಬಿಡಿಸಿ ಮುಂದಿಟ್ಟು, ಹಳೆಯ ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕೂತಳು. ಆ ಮನುಷ್ಯ ಅಳತೆಯ ಪಟ್ಟಿಯನ್ನು ಅವಳ ಮೂಗಿನ ಮೇಲೆ ಅಡ್ಡ ಹಿಡಿದು, ಒಂದು ಪಾಪೆಯಿಂದ ಇನ್ನೊಂದು ಪಾಪೆಗೆ ಎಷ್ಟು ದೂರವೆಂದು ಬಗ್ಗಿ ನೋಡಿದ. ಅನುಮಾನ ಬಂದಿರಬೇಕು, ಇನ್ನೊಮ್ಮೆ ನೋಡಿದ. “ಅಲ್ಲಾಡ್ಬೇಡಿ ಮೇಡಂ, ನನ್ನನ್ನೇ ನೇರ ನೋಡಿ.” ಅವಳು ಆ ಅಪರಿಚಿತನ ಮುಖವನ್ನು ಗೇಣು ದೂರದಿಂದ ರೆಪ್ಪೆ ಬಡಿಯದೆ ನೋಡಿದಳು. ಹಿಂದೆ ನಿಂತಿದ್ದವನಿಗೆ ಆ ಅಳತೆ ಬಾಯಿಪಾಠವಾಗಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದ. ಮುಖಕ್ಕೆ ಆಗಲೇ ಸ್ವಲ್ಪ ಸ್ವಲ್ಪವಾಗಿ ಜೀವ ಬರುತ್ತಿತ್ತು, ಉರಿಯುತ್ತ. ಹೇಳಲೆಂದು ಬಾಯಿ ತೆರೆದ.

“ಸ್ವಲ್ಪ ಆಚೆ ನಿಂತ್ಕೊಳ್ಳಿ ಸರ್,” ಎಂದ ಕೌಂಟರಿನವನು, ತಲೆಯೆತ್ತದೆ. “ಬೆಳಕಿಗೆ ಅಡ್ಡ ಬರ್ತಿದೀರ.”

ಅವನು ಆಚೆ ಹೋಗಿ ನಿಂತುಕೊಂಡ.